ನಿನ್ನೆ ಬರೆದದ್ದು ಸುಳ್ಳು

ಮೇ 8ರ ರಾತ್ರಿ ಹನ್ನೊಂದು ದಾಟಿದ ಮೇಲೆ ನಮ್ಮ ಮನೆಯ ಬೆಲ್ ಆಯಿತು. ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಆ ಹೊತ್ತಿಗೆ ಬೆಲ್ ಆದರೆ ಯಾರಿಗೋ ಎದೆನೋವು ಬಂದಿರಬೇಕು, ಇಲ್ಲವೇ ಮೇಲಿನ ಟಾಂಕಿ ತುಂಬಿ ನೀರು ಹರಿಯುತ್ತಿರಬೇಕು. ಬಾಗಿಲು ತೆರೆದರೆ ಎರಡನೇ ಮಹಡಿಯ ಅಕ್ಕ ನಿಂತಿದ್ದರು. ಗೋಕಾಕದ ಕಡೆಯವರು. ಇಡೀ ಕಟ್ಟಡ ಅವರನ್ನು ಅಕ್ಕ ಎನ್ನುತ್ತದೆ. ಅವರಿಗಿಂತ ಹದಿನೈದು ವರ್ಷ ದೊಡ್ಡವನಾದ ನಾನೂ ಹಾಗೆಯೇ ಕರೆಯುತ್ತೇನೆ. ಕೈಯಲ್ಲಿ ಮೊಬೈಲು, ಕಾಲಲ್ಲಿ ಚಪ್ಪಲಿ ಇಲ್ಲ.

"ಅಣ್ಣಾರ, ಟಿವ್ಯಾಗ ರಜೌರಿ ಅಂತ ಹೇಳಾಕತ್ತಾರ್ರೀ. ನಮ್ಮ ಹುಡುಗ ಇರೂದು ಅಲ್ಲೇ ಅಲ್ಲೇನ್ರಿ?"

ಅವರ ಮಗ ಸೈನ್ಯಕ್ಕೆ ಸೇರಿ ಐದು ವರ್ಷವಾಯಿತು. ಕೊನೆಯ ಫೋನು ಬಂದು ನಾಲ್ಕು ದಿನವಾಗಿತ್ತು. ನಾನೂ ನನ್ನ ಹೆಂಡತಿಯೂ ಅವರನ್ನು ಒಳಗೆ ಕರೆದು ಕೂರಿಸಿದೆವು. ಅಷ್ಟು ಹೊತ್ತು ನಾನು ನೋಡುತ್ತಿದ್ದದ್ದೂ ಅದನ್ನೇ. ಧರ್ಮಶಾಲಾದ ಐಪಿಎಲ್ ಪಂದ್ಯ ಅರ್ಧಕ್ಕೆ ನಿಂತುಹೋದ ಮೇಲೆ ಚಾನೆಲ್ ಬದಲಿಸಿದವನು ಅಲ್ಲೇ ಸಿಕ್ಕಿಕೊಂಡಿದ್ದೆ. ಒಂದರಲ್ಲಿ ರಜೌರಿಯ ಸೈನ್ಯದ ನೆಲೆಯ ಮೇಲೆ ಆತ್ಮಾಹುತಿ ದಾಳಿ. ಇನ್ನೊಂದರಲ್ಲಿ ಕರಾಚಿ ಬಂದರು ಧ್ವಂಸ. ಮತ್ತೊಂದರಲ್ಲಿ ನಮ್ಮ ಸೇನೆ ಇಸ್ಲಾಮಾಬಾದಿನ ಬಾಗಿಲಿಗೆ. ಎಲ್ಲಕ್ಕೂ ಹಿಂದೆ ಒಂದೇ ಸಮನೆ ಕೂಗುವ ಸೈರನ್.

ಅಕ್ಕನಿಗೆ ಬೇಕಾಗಿದ್ದದ್ದು ಎರಡೇ ಮಾಹಿತಿ. ದಾಳಿ ಯಾವ ಜಾಗದಲ್ಲಿ? ಯಾರಿಗೆ ಏನಾಗಿದೆ? ರಾತ್ರಿ ಎರಡು ಗಂಟೆಯವರೆಗೆ ನೋಡಿದೆವು. ಆ ಎರಡನ್ನು ಯಾರೂ ಹೇಳಲಿಲ್ಲ. ಪಾಕಿಸ್ತಾನವನ್ನು ಎಷ್ಟು ತುಂಡು ಮಾಡಬೇಕು ಎಂದು ಆರು ಜನ ಆರು ಕಿಟಕಿಗಳಲ್ಲಿ ಕೂತು ಕೂಗಾಡುತ್ತಿದ್ದರು. ಅಕ್ಕ ಪರದೆಯ ಕೆಳಗೆ ಓಡುವ ಕೆಂಪು ಪಟ್ಟಿಯ ಮೇಲೆ ಕಣ್ಣು ನೆಟ್ಟಿದ್ದರು. ಅವರಿಗೆ ಹಿಂದಿ ಓದಲು ಬರುವುದಿಲ್ಲ. ರಜೌರಿ ಎಂಬ ಪದದ ಆಕಾರವನ್ನು ಮಾತ್ರ ಆ ಒಂದೇ ರಾತ್ರಿಯಲ್ಲಿ ಕಲಿತುಬಿಟ್ಟಿದ್ದರು. ಅದು ಬಂದಾಗಲೆಲ್ಲ, "ಈಗೇನ ಬರದಾರ್ರೀ?" ಎಂದು ಕೇಳುವರು. ಬರೆದದ್ದು ಹಿಂದಿನ ಸಲದ್ದೇ.

ರಜೌರಿಯಲ್ಲಿ ಅಂಥ ಯಾವ ದಾಳಿಯೂ ಆಗಿರಲಿಲ್ಲ. ಸರ್ಕಾರದ್ದೇ ಆದ ಪತ್ರಿಕಾ ಮಾಹಿತಿ ಸಂಸ್ಥೆ ಅದು ಸುಳ್ಳೆಂದು ತಿಳಿಸಿತು. ಕರಾಚಿ ಬಂದರೂ ಧ್ವಂಸವಾಗಿರಲಿಲ್ಲ, ಇಸ್ಲಾಮಾಬಾದಿಗೆ ಯಾರೂ ಹೋಗಿರಲಿಲ್ಲ. ಮರುದಿನ ಬೆಳಿಗ್ಗೆ ಅದೇ ಚಾನೆಲ್ ಹಾಕಿ ಕೂತೆ. ತಪ್ಪಾಯಿತು ಎನ್ನುತ್ತಾರೆ ಎಂದು ಕಾದೆ. ರಜೌರಿ ಪರದೆಯಿಂದ ಮಾಯವಾಗಿತ್ತು, ಬೇರೆ ಊರು ಬಂದಿತ್ತು. ಆಮೇಲೆ ಒಂದೆರಡು ಕಡೆ ಕ್ಷಮೆ ಕೇಳಿದರು ಎಂದು ಪತ್ರಿಕೆಯಲ್ಲಿ ಓದಿದೆ. ನಾವು ಮೂವರು ಎದ್ದು ಕೂತ ಆ ರಾತ್ರಿಗೆ ಅದು ತಲುಪಲಿಲ್ಲ.

ಮಗನ ಫೋನು ಬಂದದ್ದು ಕದನ ವಿರಾಮವಾದ ಮೇಲೆ. ಮಾತಾಡಿದ್ದು ಅರ್ಧ ನಿಮಿಷ. "ಅವ್ವಾ, ನಾ ಆರಾಮ ಅದೀನಿ. ಟಿವಿ ನೋಡಬ್ಯಾಡ."

ಗಡಿಯಲ್ಲಿ ನಿಂತ ಹುಡುಗ ಮನೆಗೆ ಕಳಿಸಿದ ಸಂದೇಶ ಇಷ್ಟು. ಇದನ್ನು ನೆನೆಯುವಾಗಲೆಲ್ಲ ನನಗೆ ಐವತ್ತನಾಲ್ಕು ವರ್ಷ ಹಿಂದಿನ ಒಂದು ಕರಿಹಲಗೆ ನೆನಪಾಗುತ್ತದೆ.

ನಾನು ಮುಂಬಯಿಗೆ ಬಂದದ್ದು 1969ರಲ್ಲಿ, ಹದಿಮೂರನೇ ವಯಸ್ಸಿನಲ್ಲಿ. ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಹಗಲು ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ನನ್ನ ಓರಗೆಯ ಎಷ್ಟೋ ಮಂದಿಯ ಕತೆ ಇದೇ ಆದ್ದರಿಂದ ಬೆಳೆಸುವುದಿಲ್ಲ. 1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ಪಶ್ಚಿಮದ ವಿಮಾನ ನೆಲೆಗಳ ಮೇಲೆ ಬಾಂಬು ಹಾಕಿದವು, ಯುದ್ಧ ಶುರುವಾಯಿತು. ಮುಂಬಯಿ ಕತ್ತಲಾಯಿತು. ಕಿಟಕಿ ಗಾಜಿಗೆ ಕಪ್ಪು ಕಾಗದ ಅಂಟಿಸಿದೆವು. ಟ್ಯಾಕ್ಸಿಗಳ ಹೆಡ್‌ಲೈಟಿಗೆ ಅರ್ಧ ಕಪ್ಪು ಬಣ್ಣ ಬಳಿದರು. ಸೈರನ್ ಕೂಗಿದರೆ ಒಲೆ ಆರಿಸಿ, ನಾವು ಹುಡುಗರು ಉಗ್ರಾಣದಲ್ಲಿ ಅಕ್ಕಿ ಮೂಟೆಗಳ ನಡುವೆ ಕೂತುಬಿಡುತ್ತಿದ್ದೆವು.

ಹೋಟೆಲಿನ ಬಾಗಿಲಲ್ಲಿ ಒಂದು ಕರಿಹಲಗೆ ಇತ್ತು. ಅದರ ಮೇಲೆ ದಿನದ ತಿಂಡಿ ಬರೆಯುವ ಕೆಲಸ ನನ್ನದು. ನನ್ನ ಅಕ್ಷರ ದುಂಡಗಿತ್ತು. ಯುದ್ಧ ಶುರುವಾದ ಮೇಲೆ ಧನಿಗಳು ಹಲಗೆಯ ಅರ್ಧವನ್ನು ಸುದ್ದಿಗೆ ಬಿಟ್ಟರು. ಗಲ್ಲಾದ ಹಿಂದಿನ ರೇಡಿಯೋದಲ್ಲಿ ವಾರ್ತೆ ಕೇಳಿ, ಅವರು ಹೇಳಿದಷ್ಟನ್ನು ಹಿಂದಿಯಲ್ಲಿ ಒಂದು ಸಾಲು, ಕನ್ನಡದಲ್ಲಿ ಒಂದು ಸಾಲು ನಾನು ಬರೆಯಬೇಕು. ಡಿಸೆಂಬರ್ 4ರ ರಾತ್ರಿ ನಮ್ಮ ನೌಕಾಪಡೆಯ ಕ್ಷಿಪಣಿ ದೋಣಿಗಳು ಕರಾಚಿಯ ಹೊರಗೆ ಪಾಕಿಸ್ತಾನದ ಹಡಗುಗಳನ್ನು ಮುಳುಗಿಸಿದವು. ಇವತ್ತಿಗೂ ಆ ದಿನವನ್ನು ನೌಕಾದಿನವೆಂದು ಆಚರಿಸುತ್ತೇವೆ. ಆ ಸುದ್ದಿಯನ್ನೂ ಹಲಗೆಗೆ ಹಾಕಿದವನು ನಾನೇ. ಕರಾಚಿ ಎಂದು ಬರೆಯುವಾಗ ಕೈ ನಡುಗಿದ್ದು ನೆನಪಿದೆ.

ಒಂದು ದಿನ ಮಧ್ಯಾಹ್ನ ಧನಿಗಳು ಊಟಕ್ಕೆ ಹೋಗಿದ್ದರು. ದಿನಾ ಚಹಾಕ್ಕೆ ಬರುವ ಗುಮಾಸ್ತರೊಬ್ಬರು, ಪಾಕಿಸ್ತಾನದ ವಿಮಾನವೊಂದನ್ನು ಹೊಡೆದು ಅಪೋಲೋ ಬಂದರಿನ ಸಮುದ್ರಕ್ಕೆ ಬೀಳಿಸಿದ್ದಾರಂತೆ ಎಂದರು. ನಾನು ತಡಮಾಡದೆ ದೊಡ್ಡಕ್ಷರದಲ್ಲಿ ಬರೆದೆ. ಬಾಗಿಲಲ್ಲಿ ಜನ ಸೇರಿದರು. ಆ ಮಧ್ಯಾಹ್ನ ಚಹಾ ಖರ್ಚಾದಷ್ಟು ಬೇರೆ ಯಾವತ್ತೂ ಆಗಿರಲಿಲ್ಲ. ಧನಿಗಳು ಬಂದರು, ಓದಿದರು, ನನ್ನನ್ನು ಕರೆದರು.

"ಎಂತ ಬರ್ದದ್ದು ನೀನು? ಯಾರು ಕಂಡದ್ದು?"

"ಗಿರಾಕಿ ಹೇಳಿದ್ರು."

"ಅವರು ಕಂಡದ್ದಾ?"

ನನ್ನಲ್ಲಿ ಉತ್ತರವಿರಲಿಲ್ಲ. ಅವರು ಬೈಯಲಿಲ್ಲ, ಹೊಡೆಯಲಿಲ್ಲ. ಮರುದಿನ ಬೆಳಿಗ್ಗೆ ಹಲಗೆ ಒರೆಸುವಾಗ ಬಳಿ ಬಂದು ನಿಂತು ಬರೆಸಿದರು: ನಿನ್ನೆ ಬರೆದದ್ದು ಸುಳ್ಳು, ವಿಮಾನ ಬಿದ್ದಿಲ್ಲ. ನಾನು ಮೂಲೆಯಲ್ಲಿ ಸಣ್ಣದಾಗಿ ಬರೆಯಲು ಹೊರಟಿದ್ದೆ. "ಅಲ್ಲಿ ಬೇಡ. ನಿನ್ನೆ ಎಲ್ಲಿ ಬರ್ದದ್ದು, ಅಲ್ಲೇ ಬರಿ. ಅಷ್ಟೇ ದೊಡ್ಡದು ಬರಿ" ಎಂದರು. ಅವತ್ತು ಇಡ್ಲಿ, ಉಪ್ಪಿಟ್ಟು ಬರೆಯಲು ಜಾಗ ಸಾಲಲಿಲ್ಲ. ಗಿರಾಕಿಗಳು ಓದಿ ನಕ್ಕರು. ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಎನಿಸಿತ್ತು. ಆದರೆ ಆಮೇಲಿನ ದಿನಗಳಲ್ಲಿ ಒಂದು ವಿಚಿತ್ರ ನೋಡಿದೆ. ಬೇರೆ ಎಲ್ಲೋ ಏನೋ ಕೇಳಿ ಬಂದವರು, "ಹಲಗೆಯಲ್ಲಿ ಏನುಂಟು ನೋಡುವ" ಎನ್ನಲು ಶುರುಮಾಡಿದ್ದರು. ತಪ್ಪನ್ನು ಒಪ್ಪಿಕೊಂಡ ಹಲಗೆಯನ್ನು ಜನ ನಂಬಿದರು.

ಹಳೆಯ ಕಾಲವೇ ಚಿನ್ನ ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಆಗಿನ ರೇಡಿಯೋ ಸರ್ಕಾರದ್ದು. ಸರ್ಕಾರಕ್ಕೆ ಬೇಡದ್ದು ಅದರಲ್ಲಿ ಬರುತ್ತಿರಲಿಲ್ಲ. ನಾಲ್ಕೇ ವರ್ಷದಲ್ಲಿ, 1975ರ ಜೂನ್ 25ರ ರಾತ್ರಿ, ತುರ್ತು ಪರಿಸ್ಥಿತಿ ಬಂದಾಗ ದಿಲ್ಲಿಯ ಪತ್ರಿಕಾ ಕಚೇರಿಗಳ ಬೀದಿಯಲ್ಲಿ ಕರೆಂಟನ್ನೇ ತೆಗೆದರು. ಆಗ ಸುದ್ದಿ ನಮಗೆ ಮುಟ್ಟದಂತೆ ತಡೆಯುತ್ತಿದ್ದರು. ಈಗ ಬೇರೆ ಉಪಾಯ: ನಿಜವಾದ ಸುದ್ದಿ ಎಲ್ಲೋ ಇದೆ, ಅದರ ಮೇಲೆ ನೂರು ಸುಳ್ಳು ಸುರಿದಿದ್ದಾರೆ. ಮುಚ್ಚಿಟ್ಟದ್ದನ್ನು ಹುಡುಕಲು ಒಂದು ಹಟವಾದರೂ ಇರುತ್ತದೆ. ಗುಡ್ಡೆ ಹಾಕಿದ್ದರಲ್ಲಿ ಹುಡುಕುವಾಗ ಬರುವುದು ಸುಸ್ತು.

ಈ ಸುಸ್ತಿನ ಬಗ್ಗೆಯೇ ಸ್ವಲ್ಪ ಹೇಳಬೇಕು. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಮಂದಿಯನ್ನು ಕೊಂದಾಗ ನಮ್ಮ ಹೊಟ್ಟೆ ಉರಿಯಿತು. ಸತ್ತವರಲ್ಲಿ ಶಿವಮೊಗ್ಗದವರಿದ್ದರು, ಬೆಂಗಳೂರಿನವರಿದ್ದರು, ನಮ್ಮ ಡೊಂಬಿವಲಿಯವರೂ ಇದ್ದರು; ಇಲ್ಲಿ ಊರಿಗೆ ಊರೇ ಅಂತ್ಯಕ್ರಿಯೆಗೆ ಹೋಗಿತ್ತು. ಮೇ 7ರ ನಸುಕಿನಲ್ಲಿ ಸೇನೆ ಒಂಬತ್ತು ಕಡೆ ದಾಳಿ ಮಾಡಿತೆಂದಾಗ ಸರಿಯಾಯಿತು ಎಂದವರಲ್ಲಿ ನಾನೂ ಒಬ್ಬ. ಯುದ್ಧ ನಡೆಯುವಾಗ ಸರ್ಕಾರ ಎಲ್ಲವನ್ನೂ ಹೇಳಬೇಕೆಂದು ನಾನು ಕೇಳುವುದಿಲ್ಲ. ಯಾವ ದಳ ಎಲ್ಲಿದೆ ಎಂದು ಟಿವಿಯಲ್ಲಿ ತೋರಿಸಬಾರದೆಂದು ಏಪ್ರಿಲ್ ಕೊನೆಯಲ್ಲೇ ಸೂಚನೆ ಕೊಟ್ಟರು. ಅದೂ ಸರಿ, ಅಕ್ಕನ ಮಗನ ಜೀವದ ಪ್ರಶ್ನೆ ಅದು. ಗುಟ್ಟು ಬೇರೆ, ಸುಳ್ಳು ಬೇರೆ. ಗುಟ್ಟಿನಿಂದ ಸೈನಿಕ ಉಳಿಯುತ್ತಾನೆ. ಅವನ ತಾಯಿಯನ್ನು ರಾತ್ರಿಯಿಡೀ ಕೊಂದದ್ದು ಸುಳ್ಳು.

ಆಶ್ಚರ್ಯವೆಂದರೆ, ಚಾನೆಲ್‌ಗಳ ಸೈರನ್ ಸರ್ಕಾರಕ್ಕೇ ಹೆಚ್ಚಾಯಿತು. ಮೇ 10ರಂದು ಗೃಹ ಇಲಾಖೆಯ ಕೆಳಗಿನ ನಾಗರಿಕ ರಕ್ಷಣೆಯ ವಿಭಾಗ, ಕಾರ್ಯಕ್ರಮಗಳಲ್ಲಿ ವಿಮಾನದಾಳಿಯ ಸೈರನ್ ಬಳಸಬೇಡಿ ಎಂದು ಹೇಳಬೇಕಾಯಿತು. ದಿನವೂ ಅದನ್ನೇ ಕೇಳಿದರೆ ನಿಜವಾದ ದಾಳಿಯ ಹೊತ್ತಿಗೆ ಜನ ಲಕ್ಷ್ಯ ಕೊಡುವುದಿಲ್ಲ ಎಂಬುದು ಕಾರಣ. ನನ್ನ ಮಟ್ಟಿಗೆ ಈ ಎರಡು ತಿಂಗಳಲ್ಲಿ ಬಂದ ಅತ್ಯಂತ ಬುದ್ಧಿವಂತಿಕೆಯ ಸರ್ಕಾರಿ ಮಾತು ಇದು. ಆದರೆ ಈ ಮಾತು ಸೈರನ್‌ಗೆ ಮಾತ್ರ ಯಾಕೆ? ದಿನವೂ ಗೆಲುವು, ದಿನವೂ ಐತಿಹಾಸಿಕ, ದಿನವೂ ದೇಶದ್ರೋಹಿ ಎಂದು ಕೇಳಿದ ಕಿವಿಗೂ ಅದೇ ಗತಿಯಲ್ಲವೇ?

ಸರ್ಕಾರದ ಪಾಲನ್ನು ಚಾನೆಲ್‌ಗಳ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ವಿಮಾನ ಕಳೆದುಕೊಂಡೆವೇ ಎಂದು ಮೇ 11ರಂದು ಪತ್ರಕರ್ತರು ಕೇಳಿದರು. ನಷ್ಟ ಯುದ್ಧದ ಒಂದು ಭಾಗ, ವಿವರ ಈಗ ಹೇಳುವುದಿಲ್ಲ ಎಂಬರ್ಥದ ಉತ್ತರ ವಾಯುಪಡೆಯ ಅಧಿಕಾರಿಯಿಂದ ಬಂತು. ಆವತ್ತಿಗೆ ಅದು ಒಪ್ಪತಕ್ಕ ಉತ್ತರವೇ. ಇಪ್ಪತ್ತು ದಿನದ ಮೇಲೆ, ಮೇ 31ರಂದು, ಹೌದು ಕಳೆದುಕೊಂಡಿದ್ದೇವೆ ಎಂದು ಮೂರೂ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಒಪ್ಪಿಕೊಂಡರು. ಎಲ್ಲಿ? ಸಿಂಗಪುರದಲ್ಲಿ, ಒಂದು ವಿದೇಶಿ ಟಿವಿಗೆ. ತೆರಿಗೆ ಕಟ್ಟಿದವರು ನಾವು, ಮಕ್ಕಳನ್ನು ಕಳಿಸಿದವರು ಅಕ್ಕನಂಥವರು. ನಮಗೆ ಸುದ್ದಿ ಬಂದದ್ದು ಸಿಂಗಪುರ ಸುತ್ತಿಕೊಂಡು. ಅದಕ್ಕೆ ಮೊದಲೇ ರೈಲ್ವೆ ಟಿಕೆಟಿನ ಮೇಲೆ ಆಪರೇಷನ್ ಸಿಂಧೂರದ ಜಾಹೀರಾತು, ಪ್ರಧಾನಿಯ ಚಿತ್ರದೊಂದಿಗೆ, ಬಂದಾಗಿತ್ತು. ಹೊಗಳಿಕೆಗೆ ಟಿಕೆಟಿನಲ್ಲೂ ಜಾಗವಿತ್ತು; ನಷ್ಟ ಹೇಳಲು ಪಾರ್ಲಿಮೆಂಟಿನಲ್ಲೂ ಜಾಗ ಸಿಗಲಿಲ್ಲ.

ಇದೇ ದೇಶದಲ್ಲಿ ಬೇರೆ ರೀತಿಯೂ ನಡೆದಿದೆ. 1999ರ ಮೇ 27ರಂದು ಕಾರ್ಗಿಲ್‌ನಲ್ಲಿ ಎರಡು ಯುದ್ಧವಿಮಾನ ಕಳೆದುಕೊಂಡೆವು, ಮರುದಿನ ಒಂದು ಹೆಲಿಕಾಪ್ಟರ್. ಸುದ್ದಿ ನಮಗೆ ಆಗಲೇ ತಿಳಿಯಿತು, ದೇಶವೇನೂ ಕುಸಿದು ಬೀಳಲಿಲ್ಲ. ಜುಲೈ 26ಕ್ಕೆ ಯುದ್ಧ ಮುಗಿಯಿತು, 29ಕ್ಕೆ ಕೆ. ಸುಬ್ರಹ್ಮಣ್ಯಂ ಅವರ ಸಮಿತಿ ರಚನೆಯಾಯಿತು, ನುಸುಳುಕೋರರು ಬಂದದ್ದು ನಮಗೇಕೆ ಗೊತ್ತಾಗಲಿಲ್ಲ ಎಂದು ಪರೀಕ್ಷಿಸಲು. ಮುಂದಿನ ಫೆಬ್ರವರಿಯಲ್ಲಿ ವರದಿ ಪಾರ್ಲಿಮೆಂಟಿಗೆ ಬಂತು. ಕೆಲವು ಭಾಗಗಳನ್ನು ಮುಚ್ಚಿದ್ದರು, ಆದರೂ ಬಂತು. ಹಾಗೆಂದು ಬೇರೆಯವರ ಕಾಲದಲ್ಲಿ ಎಲ್ಲ ಬಿಚ್ಚಿಟ್ಟರು ಎನ್ನಬೇಡಿ. 1962ರ ಸೋಲಿನ ಬಗ್ಗೆ ಸೇನೆಯೇ ಬರೆಸಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿ ಅರವತ್ತು ವರ್ಷ ಕಳೆದರೂ ಬೀಗದಲ್ಲಿದೆ. ಅದನ್ನು ಬೀಗದಲ್ಲಿಟ್ಟುಕೊಂಡು ಎಲ್ಲ ಪಕ್ಷಗಳೂ ಆಳಿವೆ.

ಸುಳ್ಳು ಗೆಲುವಿನಿಂದ ಇನ್ನೊಂದು ಅನಾಹುತ ಆಗುತ್ತದೆ. ಅದನ್ನು ಮೇ 10ರಂದು ಕಣ್ಣಾರೆ ಕಂಡೆವು. ಕದನ ವಿರಾಮದ ಸುದ್ದಿಯನ್ನು ಮೊದಲು ಹೇಳಿದವರು ಅಮೆರಿಕದ ಅಧ್ಯಕ್ಷರು. ಸ್ವಲ್ಪ ಹೊತ್ತಿನ ಮೇಲೆ ನಮ್ಮ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಎರಡು ಮಾತಿನಲ್ಲಿ ದೇಶಕ್ಕೆ ತಿಳಿಸಿದರು. ಆ ಮನುಷ್ಯನನ್ನೂ ಅವರ ಕುಟುಂಬವನ್ನೂ ಜನ ಹೇಗೆ ಬೈದರೆಂದರೆ, ಅವರು ತಮ್ಮ ಖಾತೆಯನ್ನು ಹೊರಗಿನವರಿಗೆ ಕಾಣದಂತೆ ಮುಚ್ಚಬೇಕಾಯಿತು. ಬೈದವರೆಲ್ಲ ಕೆಟ್ಟವರೆಂದು ನನಗನಿಸುವುದಿಲ್ಲ. ಎರಡು ರಾತ್ರಿ ಹಿಂದೆ ಕರಾಚಿ ಬಿತ್ತು, ಇಸ್ಲಾಮಾಬಾದು ಬೀಳುತ್ತಿದೆ ಎಂದು ಅವರಿಗೆ ಹೇಳಲಾಗಿತ್ತು. ಗೆದ್ದವರು ಯಾಕೆ ನಿಲ್ಲಿಸಬೇಕು? ಸುಳ್ಳು ಗೆಲುವನ್ನು ನಂಬಿದವನಿಗೆ ನಿಜವಾದ ಶಾಂತಿ ಮೋಸದಂತೆ ಕಾಣುತ್ತದೆ.

ಇನ್ನು ನಿಜವಾಗಿ ಸತ್ತವರು. ಪಾಕಿಸ್ತಾನದ ಶೆಲ್ ದಾಳಿಯಲ್ಲಿ ಗಡಿಯ ಊರುಗಳಲ್ಲಿ 16 ಮಂದಿ ಸತ್ತರು, ಅವರಲ್ಲಿ ಮೂವರು ಹೆಂಗಸರು, ಐವರು ಮಕ್ಕಳು ಎಂದು ಮೇ 8ರಂದು ಸರ್ಕಾರವೇ ಹೇಳಿತು. ಕರಾಚಿಗೆ ಹೋದ ಚಾನೆಲ್‌ಗಳು ನಮ್ಮದೇ ಪೂಂಚ್‌ಗೆ ಹೋಗಲು ತಡಮಾಡಿದವು. ಹೋದಾಗ ಮಾಡಿದ್ದೇನು? ಶೆಲ್ ಬಿದ್ದು ಸತ್ತ ಒಬ್ಬ ಮದರಸಾ ಶಿಕ್ಷಕನನ್ನು ಭಯೋತ್ಪಾದಕನೆಂದು ತೋರಿಸಿದರು. ಹಾಗಲ್ಲವೆಂದು ಪೂಂಚ್‌ನ ಪೊಲೀಸರೇ ಹೇಳಿಕೆ ಕೊಡಬೇಕಾಯಿತು. ಎಫ್‌ಐಆರ್ ದಾಖಲಿಸಿ ಎಂದು ಜೂನ್ ಕೊನೆಗೆ ಅಲ್ಲಿನ ನ್ಯಾಯಾಲಯ ಆದೇಶಿಸಿತು. ಹೆಣವಿಟ್ಟುಕೊಂಡು ಅಳುವ ಮನೆಯವರು, ಸತ್ತವನು ಕಳ್ಳನಲ್ಲ ಕೊಲೆಗಾರನಲ್ಲ ಎಂದು ಊರಿಗೆ ಸಾಕ್ಷಿ ಹೇಳುತ್ತ ತಿರುಗಬೇಕಾದ ಸ್ಥಿತಿಯನ್ನು ಯೋಚಿಸಿ ನೋಡಿ.

ಜೂನ್ 9ರ ಬೆಳಿಗ್ಗೆ ನಮ್ಮ ಪಕ್ಕದ ಮುಂಬ್ರಾ ಸ್ಟೇಷನ್ನಿನ ಬಳಿ, ತುಂಬಿದ ಲೋಕಲ್‌ನ ಬಾಗಿಲಲ್ಲಿ ನೇತಾಡುತ್ತಿದ್ದವರು ಹಳಿಗೆ ಬಿದ್ದು ನಾಲ್ವರು ತೀರಿಕೊಂಡರು. ಈ ಲೈನಿನಲ್ಲಿ ದಿನಾ ಓಡಾಡುವ ನಮಗೆ ಅದೇ ಯುದ್ಧಭೂಮಿ. ಅವತ್ತು ರಾತ್ರಿ ಟಿವಿ ಹಾಕಿದರೆ ಮೇಘಾಲಯಕ್ಕೆ ಮಧುಚಂದ್ರಕ್ಕೆ ಹೋದ ಜೋಡಿಯಲ್ಲಿ ಗಂಡನ ಕೊಲೆ ಪ್ರಕರಣ. ನಾಲ್ಕು ದಿನ ಕಳೆದು ಇಸ್ರೇಲು ಇರಾನಿನ ಮೇಲೆ ಎರಗಿತು. ಅದೇ ಸೈರನ್, ಅದೇ ಆರು ಕಿಟಕಿ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಊಟದ ಸಾಮಾನು ತರಲು ಹೊರಗೆ ಹೋಗಿ ಶೆಲ್ಲಿಗೆ ಬಲಿಯಾದ ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿ ನಿಮಗೆ ನೆನಪಿರಬಹುದು. ಹೆಣ ಊರಿಗೆ ಬರಲು ಮೂರು ವಾರ ಹಿಡಿಯಿತು. ಆ ಯುದ್ಧ ಇನ್ನೂ ನಡೆಯುತ್ತಲೇ ಇದೆ, ಟಿವಿಯಲ್ಲಿ ಮಾತ್ರ ಮುಗಿದಿದೆ.

ಇಷ್ಟೆಲ್ಲ ಬೇರೆಯವರ ತಪ್ಪು ಬರೆದವನು ನನ್ನದನ್ನೂ ಬರೆಯಬೇಕು. ಅಕ್ಕ ಬೆಲ್ ಮಾಡುವ ಒಂದು ಗಂಟೆ ಮೊದಲು, ಕರಾಚಿ ಉರಿಯುತ್ತಿದೆ ಎಂಬ ವೀಡಿಯೋ ಒಂದನ್ನು ನಾನು ನಮ್ಮ ಊರಿನವರ ವಾಟ್ಸಾಪ್ ಗುಂಪಿಗೆ ಕಳಿಸಿದ್ದೆ. ಸುಮಾರು ಇನ್ನೂರು ಜನರ ಗುಂಪು. 1971ರ ಕರಾಚಿ ನನ್ನ ಕೈಯಿಂದಲೇ ಹಲಗೆಗೆ ಏರಿತ್ತಲ್ಲ, ಇದೂ ನಿಜವೇ ಎನಿಸಿತು. ಯಾರು ಕಂಡದ್ದು ಎಂದು ಕೇಳಿಕೊಳ್ಳಲಿಲ್ಲ. ಎರಡು ದಿನದ ಮೇಲೆ ಪುಣೆಯಲ್ಲಿರುವ ತಂಗಿಯ ಮಗ ಫೋನು ಮಾಡಿ, "ಮಾವ, ಅದು ಫಿಲಡೆಲ್ಫಿಯದ್ದು. ಜನವರಿ 31ಕ್ಕೆ ಅಮೆರಿಕದಲ್ಲಿ ಒಂದು ಸಣ್ಣ ವಿಮಾನ ಬಿದ್ದಿತ್ತಲ್ಲ, ಅದರ ಬೆಂಕಿ" ಎಂದ. ನಾನು ಹೌದಾ ಎಂದೆ. ಗುಂಪಿನಲ್ಲಿ ಏನೂ ಬರೆಯಲಿಲ್ಲ. ಈಗ ಯಾಕೆ, ಎಲ್ಲರೂ ಮರೆತಿದ್ದಾರೆ ಎಂದುಕೊಂಡೆ. ಚಾನೆಲ್‌ನವರೂ ಹೀಗೆಯೇ ಅಂದುಕೊಳ್ಳುತ್ತಾರೆ.

ಕಳೆದ ವಾರ ಅಕ್ಕ ಮನೆಗೆ ಬಂದಿದ್ದರು. ಮಗ ಆಗಸ್ಟಿನಲ್ಲಿ ರಜೆಗೆ ಬರುತ್ತಾನಂತೆ. ಮಾತಿನ ನಡುವೆ, "ಆವತ್ತ ರಾತ್ರಿ ನಾ ಅವನ ಸಣ್ಣಂದಿನ ಫೋಟೋ ಎಲ್ಲಾ ತಗದ ಇಟ್ಟಿದ್ನಿರೀ ಅಣ್ಣಾರ" ಎಂದರು. ಯಾಕೆ ಎಂದು ನಾನು ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು: "ತಪ್ಪಾತು ಅಂತ ಒಂದ ಮಾತ ಅಂದಿದ್ರ ಸಾಕಿತ್ತ. ಮಂದಿ ತಪ್ಪ ಮಾಡ್ತಾರ, ಗೊತ್ತೈತಿ."

ಅವರು ಹೋದ ಮೇಲೆ ಮೊಬೈಲು ತೆಗೆದು ಗುಂಪಿನಲ್ಲಿ ಬರೆದೆ. ಮೇ 8ರಂದು ನಾನು ಕಳಿಸಿದ ಕರಾಚಿಯ ವೀಡಿಯೋ ಸುಳ್ಳು, ಅದು ಅಮೆರಿಕದ ವಿಮಾನ ಅಪಘಾತದ್ದು, ನೋಡದೆ ಕಳಿಸಿದ್ದು ನನ್ನ ತಪ್ಪು ಎಂದು. ನಾಲ್ಕು ಜನ ಕೈ ಮುಗಿದ ಚಿತ್ರ ಹಾಕಿದರು. ಒಬ್ಬರು, ಈ ವಯಸ್ಸಿನಲ್ಲಿ ನಿಮಗೆ ಪಾಕಿಸ್ತಾನದ ಮೇಲೆ ಕರುಣೆ ಯಾಕೆ ಎಂದು ಕೇಳಿದರು. ಬಹಳ ಜನ ಏನೂ ಹೇಳಲಿಲ್ಲ.

ರಾತ್ರಿ ಹತ್ತಕ್ಕೆ ದಿಲ್ಲಿಯಲ್ಲಿರುವ ಹಳೆಯ ಗೆಳೆಯನ ಸಂದೇಶ ಬಂತು. ಅವನೂ ಆ ಹೋಟೆಲಿನಲ್ಲೇ ಲೋಟ ತೊಳೆದವನು. "ಅಕ್ಷರ ಸ್ವಲ್ಪ ಸಣ್ಣದಾಯ್ತು ಮಾರಾಯ, ಧನಿಗಳು ಒಪ್ಪುತ್ತಿರಲಿಲ್ಲ" ಎಂದಿದ್ದ.

ಅದಕ್ಕೇ ಇಲ್ಲಿ ಇಷ್ಟು ದೊಡ್ಡದಾಗಿ ಬರೆದಿದ್ದೇನೆ.